ಇಪ್ಪತ್ತೇಳನೆಯ ಹೆಸರು

“ಇದು ಹಾಜರಿ ಪಟ್ಟಿ ಅಲ್ಲಮ್ಮ ರೇವತಿ. ಇದು ನಾನ ಜೋಡಿಸಿದ ಕರಪತ್ರ,” ಎಂದೆ.

ರೇವತಿ ಲ್ಯಾಪ್‌ಟಾಪನ್ನು ನನ್ನ ಕಡೆ ಇನ್ನಷ್ಟು ತಿರುಗಿಸಿದಳು. ರಾಯದುರ್ಗದ ಬಾಲಕಿಯರ ಹಾಸ್ಟೆಲ್ಲಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಎದುರಿನ ಗೋಡೆಗೆ ಏಣಿ ಒರಗಿತ್ತು. ಪೇಂಟರು ‘ಗುರುಬಸಮ್ಮ ಬಾಲ’ ಎಂಬಲ್ಲಿಗೆ ಕೆಲಸ ನಿಲ್ಲಿಸಿ ಹೋಗಿ ಐದು ದಿನವಾಗಿತ್ತು.

ನಲವತ್ಮೂರು ವರ್ಷದ ಹಿಂದೆ, ಮಡಕಶಿರದ ಕಡೆಯ ಹಳ್ಳಿಯೊಂದರಲ್ಲಿ, ನಾಟಕ ಮುಗಿದ ಬೆಳಗ್ಗೆ ಶಿವರಾಮ ಎಂಬ ಸರ್ವೆ ಗುಮಾಸ್ತ ಕಾಣೆಯಾಗಿದ್ದ. ಆ ವಿಚಾರಣೆಯ ಸಾವಿರದ ನೂರು ಪುಟಗಳನ್ನು ಸರ್ಕಾರ ಹೋದ ವಾರ ಬಿಡುಗಡೆ ಮಾಡಿತ್ತು, ಅದರ 614ನೇ ಪುಟದ ‘ಸ್ಥಳದಲ್ಲಿ ಹಾಜರಿದ್ದವರು’ ಪಟ್ಟಿಯಲ್ಲಿ ನಮ್ಮ ಗುರುಬಸಮ್ಮ ಟೀಚರ ಹೆಸರಿತ್ತು.

ಒಟ್ಟು ಇಪ್ಪತ್ತೇಳು ಹೆಸರು. ಒಬ್ಬ ಮಾಜಿ ಮಂತ್ರಿ, ಒಬ್ಬ ಸ್ವಾಮೀಜಿ, ಆಗಿನ ಕಾಲಕ್ಕೆ ಹೆಸರುವಾಸಿಯಾಗಿದ್ದ ಒಬ್ಬ ಪೈಲ್ವಾನ. ಟೀವಿಯವರಿಗೆ ಇನ್ನೇನು ಬೇಕು? ಕೆಂಪು ವೃತ್ತ ಹಾಕಿ ಹಾಕಿ ತೋರಿಸಿದ್ದೇ ತೋರಿಸಿದ್ದು. ಹೆಸರು ಯಾಕೆ ಬಂತು, ಹಿಂದಿನ ಪುಟದಲ್ಲಿ ಏನಿದೆ ಎಂದು ಓದುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ಮಂತ್ರಿಗೆ ವಕೀಲರಿದ್ದರು, ಸ್ವಾಮೀಜಿಗೆ ಭಕ್ತರಿದ್ದರು. ಟೀಚರಿಗೆ ಇದ್ದದ್ದು ಈ ಹಾಸ್ಟೆಲ್ ಒಂದೇ. ಊರೂರು ಅಲೆದು, ಹೆಣ್ಣುಮಕ್ಕಳನ್ನು ಕಳಿಸಿ ಎಂದು ಅಂಗಲಾಚಿ, ಮೂವತ್ತೆಂಟು ವರ್ಷ ನಡೆಸಿದ ಹಾಸ್ಟೆಲ್. ಅದಕ್ಕೆ ಅವರ ಹೆಸರು ಬರೆಯಬೇಕೋ, ಬರೆದಷ್ಟನ್ನೂ ಅಳಿಸಬೇಕೋ ಎಂದು ಶನಿವಾರ ಹತ್ತು ಗಂಟೆಗೆ ಕಮಿಟಿ ತೀರ್ಮಾನಿಸಲಿತ್ತು. ಇವತ್ತು ಗುರುವಾರ.

ನನ್ನ ಮಗಳು ಶ್ರೀಲತಾ ಓದಿದ್ದು ಇಲ್ಲೇ. ಆ ಹೆಸರನ್ನು ಅಳಿಸುವುದನ್ನು ನಾನು ಕಣ್ಣಾರೆ ನೋಡಲಾರೆ, ಅಷ್ಟೇ.

“ಕರಪತ್ರ ಅಂತ ಹೆಂಗ ಹೇಳ್ತೀರಿ ಕಾಕಾ?” ರೇವತಿ ಕೇಳಿದಳು. ಮದುವೆಗೆ ಮುಂಚೆ ಗಂಡಿನ ನಡತೆ ವಿಚಾರಿಸಿ ಕೊಡುವುದು ಇವಳ ಕಸುಬು. ಯಾರು ಏನು ಹೇಳಿದರೂ ಪುರಾವೆ ಕೇಳುವ ಚಟ ಅಲ್ಲಿಂದಲೇ ಬಂದದ್ದು. ಹಳೆಯ ಕಾಗದ ಓದಬೇಕಾದಾಗ ಮಾತ್ರ ಇವಳಿಗೆ ನಾನು, ಈ ಸಣ್ಣತಿಮ್ಮಪ್ಪ, ನೆನಪಾಗುತ್ತೇನೆ.

“ಹೆಸರಿನ ಸಾಲು ನೋಡು. ಮೊದಲು ಅಧ್ಯಕ್ಷರು. ಆಮ್ಯಾಲೆ ಉದ್ಘಾಟಕರು, ದೀಪ ಹಚ್ಚೋರು, ಮುಖ್ಯ ಅತಿಥಿಗಳು. ಅದರ ಕೆಳಗ ಪಾತ್ರಧಾರಿಗಳು. ಕೊನಿಗೆ ಹಾರ್ಮೋನಿಯಂ, ತಬಲ. ಯಾವ ಪೊಲೀಸಪ್ಪ ಜನರನ್ನ ಈ ವರಸೆಗೆ ನಿಲ್ಲಿಸಿ ನೋಡ್ತಾನ?”

“ಹಂಗ ಕೂತಿದ್ದರೋ ಏನೋ.”

“ಐದನೇ ಹೆಸರು ಓದು.”

“ನಾಟಿ ವೈದ್ಯ ಓಬಳೇಶಪ್ಪ.”

“ಆತ ಈ ನಾಟಕಕ್ಕಿಂತ ಮೂರು ವರ್ಷ ಮುಂಚೇನ ತೀರಿಕೊಂಡಿದ್ದ. ಆತನ ಮಣ್ಣಿಗೆ ನಾನು ಹೋಗಿದ್ದೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಟೆ ಬೀದಿಯ ಪ್ರೆಸ್ಸಿನಲ್ಲಿ ನಾನು ಹದಿನಾರನೇ ವಯಸ್ಸಿನಿಂದ ಅಚ್ಚಿನ ಮೊಳೆ ಜೋಡಿಸಿದವನು. ನಾಟಕದ ಕರಪತ್ರ ಎಂದರೆ ನಮಗೆ ಹಬ್ಬ. ಹಳದಿ ಕಾಗದ, ಕೆಂಪು ಶಾಯಿ, ಜಟಕಾ ಬಂಡಿಯ ಮೇಲೆ ಮೈಕು ಕಟ್ಟಿಕೊಂಡು ಊರೆಲ್ಲ ಹಂಚುವುದು. ಮುಖ್ಯ ಅತಿಥಿ ಎಂದು ಅಚ್ಚಾದವರು ಬರುವುದಿಲ್ಲ ಎನ್ನುವುದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅವರನ್ನು ಕೇಳುತ್ತಲೂ ಇರಲಿಲ್ಲ. ಹಾಕದಿದ್ದರೆ ಮುನಿಸು, ಹಾಕಿದರೆ ಮರ್ಯಾದೆ. ಬರುವ ಮಾತು ಯಾರೂ ಎತ್ತುತ್ತಿರಲಿಲ್ಲ.

ಪ್ರತಿ ನಾಟಕಕ್ಕೂ ಅವೇ ಹೆಸರುಗಳು. ಹಾಗಾಗಿ ಅತಿಥಿಗಳ ಸಾಲುಗಳನ್ನು ನಾನು ಬಿಚ್ಚುತ್ತಲೇ ಇರಲಿಲ್ಲ. ದಾರ ಕಟ್ಟಿ ಮೂಲೆಯಲ್ಲಿ ಇಟ್ಟುಬಿಡುತ್ತಿದ್ದೆ, ಮುಂದಿನ ನಾಟಕಕ್ಕೆ ಹಾಗೇ ಎತ್ತಿ ಕೂರಿಸುತ್ತಿದ್ದೆ. ಓಬಳೇಶಪ್ಪ ಸತ್ತ ಮೇಲೂ ಮೂರು ವರ್ಷ ನನ್ನ ಸೋಮಾರಿತನದಲ್ಲಿ ದೀಪ ಹಚ್ಚುತ್ತಲೇ ಇದ್ದ. ಯಾವನೋ ಪೊಲೀಸು ಗೋಡೆಯ ಮೇಲಿದ್ದ ಕರಪತ್ರ ನೋಡಿ ಹೆಸರುಗಳನ್ನು ಇಲ್ಲಿನ ಸರ್ಕಾರಿ ಭಾಷೆಯಾದ ತೆಲುಗಿಗೆ ಇಳಿಸಿಕೊಂಡು ಹೋಗಿದ್ದಾನೆ, ಸರ್ಕಾರ ಅದನ್ನು ಸಾಕ್ಷ್ಯ ಎಂದು ನಲವತ್ಮೂರು ವರ್ಷ ಕಾಪಾಡಿದೆ.

ರೇವತಿ ಮೊದಲ ಸಲ ನಕ್ಕಳು. “ಕರಪತ್ರ ಸಿಕ್ಕರ ಕೆಲಸ ಆತು.”

ಅಷ್ಟರಲ್ಲಿ ರಾಮಾಂಜಿನೇಯನವರು ಸ್ವತಃ ಚಹಾ ಹಿಡಿದುಕೊಂಡು ಬಂದರು. ಹಾಸ್ಟೆಲ್ ಕಮಿಟಿಯ ಅಧ್ಯಕ್ಷರು. ಈ ಜಾಗ ಅವರು ಬಿಟ್ಟುಕೊಟ್ಟದ್ದು. ಹುಡುಗಿಯರೆಲ್ಲ ‘ತಾತ’ ಎನ್ನುತ್ತಾರೆ. ಗದ್ದಲವೆದ್ದ ಮರುದಿನವೇ ರೇವತಿಗೆ ಫೋನು ಮಾಡಿ ಈ ಕೆಲಸ ಒಪ್ಪಿಸಿದವರೂ ಅವರೇ.

ವಿಷಯ ಕೇಳಿ ಅವರ ಮುಖ ಅರಳಿತು. “ಹಂಗಂದ್ರ ಆ ಪಟ್ಟೀನ ಸುಳ್ಳು ಕದಾ, ಹೌದಿಲ್ಲೋ? ನಾನು ಮೊದಲಿನಿಂದ ಅದನ್ನ ಹೇಳಿಲ್ಲೇನ್ರಿ? ಆ ಕರಪತ್ರ ತಂದು ಕಮಿಟಿ ಮುಂದ ಇಡ್ರಿ. ಟೀಚರ್ ಹೆಸರು ಆ ಫೈಲಿನಿಂದ ಹೊರಗ ಬರಬೇಕು. ಆಕಿ ಅಲ್ಲಿ ಇರಲೇ ಇಲ್ಲ ಅಂತಾದ್ರ ಸಾಕು, ಮುಂದಿಂದು ನಾನು ನೋಡ್ಕೋತೀನಿ.”

ಒಳ್ಳೆಯ ಮನುಷ್ಯ ಎನಿಸಿತು. ಚಹಾ ಕುಡಿದು ಹೊರಟೆವು.

ಕರಪತ್ರ ಇಟ್ಟುಕೊಂಡಿರಬಹುದಾದ ಮನುಷ್ಯ ಒಬ್ಬನೇ: ಹಾರ್ಮೋನಿಯಂ ಮೇಷ್ಟ್ರು ಚಿಕ್ಕತಿಮ್ಮಯ್ಯ. ಆ ಸಲ ನಮ್ಮ ರಾಯದುರ್ಗದ ತಂಡ ಅವನ ಊರಿಗೇ ಹೋಗಿ ನಾಟಕ ಆಡಿತ್ತು. ರೇವತಿಯ ಹಳೇ ಮಾರುತಿ ಕಲ್ಯಾಣದುರ್ಗ ದಾಟಿ, ಮಡಕಶಿರ ದಾಟಿ, ಹೇಮಾವತಿಯ ಕಡೆ ತಿರುಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ. ಯಾವ ಊರಿನಲ್ಲಿ ಯಾರು ಭೀಮನಾಗಿ ಗದೆ ಮುರಿದ, ಯಾವ ಊರಿನಲ್ಲಿ ಪರದೆ ಹರಿದು ರಾಜನೂ ಅವನ ಬೀಡಿಯೂ ಒಟ್ಟಿಗೆ ಕಂಡವು. ರೇವತಿ ಹೂಂಗುಡುತ್ತ ಓಡಿಸಿದಳು. ನನಗೆ ಆ ದಿನಗಳು ಬೇಕಾಗಿವೆ, ಯಾರು ಕೇಳಿದರೂ ಬಿಟ್ಟರೂ ಹೇಳುತ್ತೇನೆ.

ಚಿಕ್ಕತಿಮ್ಮಯ್ಯನಿಗೆ ಎಂಬತ್ತೈದು. ಮನೆಯ ಅರ್ಧ ಭಾಗದಲ್ಲಿ ರೇಷ್ಮೆ ಹುಳು ಮೇಯುತ್ತಿದ್ದವು. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಾಗಿಲಿಗೇ ಬಂತು. ಹುಳದ ಮನೆಗೆ ಹೊರಗಿನವರು ಹೋಗಬಾರದೆಂದು ಅವನ ಹೆಂಡತಿ ದೊಡ್ಡಕ್ಕ ನಮ್ಮನ್ನು ಜಗುಲಿಯಲ್ಲೇ ಕೂರಿಸಿದಳು.

“ಯಾರಪ್ಪಾ ನೀನು?” ಮುದುಕ ಕಣ್ಣು ಕಿರಿದು ಮಾಡಿದ.

“ಪ್ರೆಸ್ಸಿನ ತಿಮ್ಮಪ್ಪ, ಮೇಷ್ಟ್ರೇ.”

“ಅಯ್ಯೋ ನಿನ್ನ! ನನ್ನ ಎಸ್ರು ಒಂದ್ಕಿತನೂ ದಪ್ಪಕ್ಷರದಾಗೆ ಆಕ್ಲಿಲ್ವಲ್ಲಪ್ಪ ನೀನು. ಯಾವಾಗ್ಲೂ ತಬಲದೋನ ಪಕ್ಕದಾಗೆ ಸಣ್ಣಕ್ಷರ.”

“ಜಾಗ ಇರುತ್ತಿರಲಿಲ್ರಿ.”

“ಮಂತ್ರಿಗೆ ಇರ್ತಿತ್ತು. ಬರದೇ ಇರೋ ಮಂತ್ರಿಗೆ. ಆಗ್ಲಿ ಬಿಡು, ಏನ್ ಬೇಕು?”

ಹೇಳಿದೆ. ಅವನು ದೊಡ್ಡಕ್ಕನ ಕಡೆ ನೋಡಿದ. ಅವಳು ಒಳಗಿನಿಂದ ಹಾರ್ಮೋನಿಯಂ ಪೆಟ್ಟಿಗೆ ತಂದು ಇಟ್ಟಳು. ಚಿಕ್ಕತಿಮ್ಮಯ್ಯ ಮುಚ್ಚಳ ಎತ್ತಿದ. ಮುಚ್ಚಳದ ಒಳಮೈಗೆ, ಒಂದರ ಮೇಲೊಂದು, ಅವನು ನುಡಿಸಿದ ನಾಟಕಗಳ ಕರಪತ್ರಗಳೆಲ್ಲ ಮೈದಾ ಅಂಟಿನಲ್ಲಿ ಕೂತಿದ್ದವು.

ಎಲ್ಲ ನನ್ನ ಕೈಯವು. ಕಾಲು ಮುರಿದ ‘ರ’ ಮೊಳೆ, ಹೂವಿನ ಅಂಚು, ‘ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ’. ಆ ಪ್ರೆಸ್ಸೂ ಇಲ್ಲ, ಆ ಮಾಲೀಕರೂ ಇಲ್ಲ, ಮೊಳೆಗಳನ್ನು ತೂಕಕ್ಕೆ ಮಾರಿ ಇಪ್ಪತ್ತು ವರ್ಷವಾಯಿತು. ನಾನು ಮಾಡಿದ ಕೆಲಸ ಭೂಮಿಯ ಮೇಲೆ ಉಳಿದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ ಎನಿಸಿ ಕಣ್ಣು ತುಂಬಿತು.

“ಅಳಾದು ಆಮೇಲೆ ಅಳೀರಂತೆ,” ಎನ್ನುತ್ತ ದೊಡ್ಡಕ್ಕ ತಣ್ಣೀರು ಬಟ್ಟೆ ಒತ್ತಿ ಒತ್ತಿ ಮೇಲಿನ ಕಾಗದಗಳನ್ನು ಬಿಡಿಸಿದಳು. ನಾಲ್ಕನೆಯದು ನಾವು ಹುಡುಕುತ್ತಿದ್ದದ್ದು. ಅದೇ ಊರು, ಅದೇ ತಾರೀಖು.

ರೇವತಿ ಪಟ್ಟಿ ಓದುತ್ತ ಹೋದಳು, ನಾನು ಕರಪತ್ರದ ಮೇಲೆ ಬೆರಳಿಡುತ್ತ ಹೋದೆ. ಅಧ್ಯಕ್ಷರು, ಇದ್ದಾರೆ. ಸ್ವಾಮೀಜಿ, ಇದ್ದಾರೆ. ಸತ್ತ ಓಬಳೇಶಪ್ಪನೂ ಇದ್ದಾನೆ. ಪಾತ್ರಧಾರಿಗಳಲ್ಲಿ ಕಾಣೆಯಾದ ಶಿವರಾಮ, ‘ದೂತ’ನ ಪಾತ್ರದಲ್ಲಿ. ಹಾರ್ಮೋನಿಯಂ, ಚಿಕ್ಕತಿಮ್ಮಯ್ಯ. ತಬಲ. ಇಪ್ಪತ್ತಾರು.

“ಇಪ್ಪತ್ತೇಳು, ಗುರುಬಸಮ್ಮ,” ಎಂದಳು ರೇವತಿ.

ನನ್ನ ಬೆರಳ ಕೆಳಗೆ ಹೂವಿನ ಅಂಚು ಇತ್ತು.

“ಮತ್ತೊಮ್ಮೆ ನೋಡ್ರಿ ಕಾಕಾ. ವ್ಯವಸ್ಥಾಪಕರು ಅಂತ ಇರಬಹುದು.”

ಮೇಲಿಂದ ಕೆಳಗೆ ಮೂರು ಸಲ ನೋಡಿದೆ. ಇರಲಿಲ್ಲ. ಪಟ್ಟಿಯ ಇಪ್ಪತ್ತಾರು ಹೆಸರು ಕರಪತ್ರದ ನಕಲು. ಟೀಚರದ್ದು ಒಂದು ಮಾತ್ರ ಎಲ್ಲಿಂದಲೋ ಬಂದದ್ದು.

“ಗುರುಬಸಮ್ಮ ಅಂದ್ರೆ ನಮ್ಮೂರ ಮೇಡಮ್ಮೋರಾ?” ದೊಡ್ಡಕ್ಕ ಕೇಳಿದಳು. “ಚೆಂದಾಗವ್ರಾ? ಮೊದ್ಲು ಕೆಲ್ಸಕ್ಕೆ ಬಂದಿದ್ದೇ ನಮ್ಮೂರ್ ಸ್ಕೂಲ್ಗೆ. ಆ ಸ್ಕೂಲ್ನಾಗೇ ಒಂದು ರೂಮ್ನಾಗೆ ಇರೋರು. ನಾಟಕ ಆದ ಒಂದೇ ತಿಂಗ್ಳಿಗೆ ಟ್ರಾನ್ಸ್‌ಫರ್ ಮಾಡುದ್ರು, ಪಾಪ.”

ರೇವತಿ ನನ್ನ ಮುಖ ನೋಡಿದಳು. ಟೀಚರು ಮಡಕಶಿರದ ಕಡೆ ಕೆಲಸ ಮಾಡಿದ್ದನ್ನು ನಮ್ಮಲ್ಲಿ ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ವಾಪಸು ಬರುವಾಗ ನಾನು ನಾಟಕದ ಮಾತೆತ್ತಲಿಲ್ಲ. ಮನಸ್ಸು ಬೇರೆ ಕಡೆ ಓಡುತ್ತಿತ್ತು, ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ.

“ರೇವತಿ, ಮನ್ಯಾಗ ಒಂದು ಪೆಟ್ಟಿಗಿ ಮೊಳಿ ಐತಿ. ಮಾರಾಕ ಮನಸ್ಸು ಬರದೆ ಇಟ್ಕೊಂಡಿದ್ದು. ಹಳೇ ಹಳದಿ ಕಾಗದಾನೂ ಐತಿ.”

“ಹೂಂ?”

“ತಬಲದ ಕೆಳಗ ಒಂದು ಸಾಲು. ‘ವ್ಯವಸ್ಥಾಪಕರು: ಗುರುಬಸಮ್ಮ.’ ಕಾಲು ಮುರಿದ ‘ರ’ ಹಾಕಿನೇ ಜೋಡಿಸ್ತೀನಿ. ಯಾವನೂ ಕಂಡುಹಿಡಿಯಂಗಿಲ್ಲ.”

ಅವಳು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿಯೇ ಬಿಟ್ಟಳು. “ಕಾಕಾ, ಒಬ್ಬ ಗಂಡಿನ ಕಡೆಯೋರು ಹಿಂಗ ಮಾಡಿದ್ರ ನಾನು ಸಂಬಂಧಾನ ತಪ್ಪಿಸ್ತೀನಿ. ನೀವು ಮಾಡಿದ್ರ ಸುಮ್ಮನಿರಬೇಕಾ?”

“ಅವರ ಹೆಸರು ಉಳೀತದಲ್ಲಮ್ಮ.”

ಫೋನಿನಲ್ಲಿ ಆ ಕಡತ ತೆಗೆದು ಪುಟದ ಮೂಲೆಯಲ್ಲಿದ್ದ ಪುಟಸಂಖ್ಯೆಯ ಸೀಲು ತೋರಿಸಿದಳು. ಪಟ್ಟಿ ಇದ್ದದ್ದು 614. ಮುಂದಿನ ಹಾಳೆಯ ಮೇಲೆ 619.

“ನಡುವೆ ನಾಲ್ಕು ಪುಟ ಇಲ್ಲ,” ಎಂದಳು. “ಮೊದಲ ದಿನಾನ ನೋಡಿದ್ದೆ. ಸ್ಕ್ಯಾನ್ ಮಾಡೋರು ಬಿಟ್ಟಿರಬೇಕು ಅನ್ಕೊಂಡೆ.”

ಶುಕ್ರವಾರ ಮಧ್ಯಾಹ್ನ ಟೀಚರು ತಮ್ಮ ಕೋಣೆಯಲ್ಲಿ ಕೆಂಪು ಪೆನ್ನು ಹಿಡಿದು ಹುಡುಗಿಯರ ಕಾಪಿ ಪುಸ್ತಕ ತಿದ್ದುತ್ತಿದ್ದರು. ಎಪ್ಪತ್ತೆರಡು ವಯಸ್ಸು. ಹುಡುಗಿಯರು ಶಾಲೆಗೆ ಹೋಗಿದ್ದರಿಂದ ಹಾಸ್ಟೆಲ್ಲೆಲ್ಲ ನಿಶ್ಶಬ್ದವಾಗಿತ್ತು. ನಮ್ಮನ್ನು ನೋಡಿ ಕೂತ್ಕೊಳ್ಳಿ ಎಂದು ಕೈ ಮಾಡಿ, ಕೈಯಲ್ಲಿದ್ದ ಪುಸ್ತಕ ಮುಗಿಸಿಯೇ ತಲೆ ಎತ್ತಿದರು.

ರೇವತಿ ಕರಪತ್ರದ ಫೋಟೊವನ್ನೂ ಪಟ್ಟಿಯ ಪ್ರಿಂಟನ್ನೂ ಮೇಜಿನ ಮೇಲೆ ಇಟ್ಟಳು. “ಮೇಡಂ, ಇಪ್ಪತ್ತಾರು ಹೆಸರು ಕಾಪಿ. ನಿಮ್ಮದು ಕಾಪಿ ಅಲ್ಲ.”

ಟೀಚರು ಫೋಟೊ ನೋಡಿದರು.

ನಾನು ತಡೆಯಲಾರದೆ ಬಾಯಿ ಹಾಕಿದೆ. “ಟೀಚರ್, ನೀವು ಹೂಂ ಅಂದ್ರ ಸಾಕು. ಇಂತಾದ್ದೇ ಒಂದು ನಾನು ಅಚ್ಚು ಹಾಕ್ತೀನಿ. ನಿಮ್ಮ ಹೆಸರು ಇರೋ ಅಂತಾದ್ದು. ನಾಳಿ ಹತ್ತಕ್ಕ ಕಮಿಟಿ ಮುಂದ ಇಟ್ರ ಎಲ್ಲ ಮುಗೀತದ.”

“ತಿಮ್ಮಪ್ಪನೋರೆ, ಇಷ್ಟು ವರ್ಷ ತಪ್ಪಿಲ್ಲದಂಗ ಜೋಡಿಸಿದ ಕೈ ಅದು.”

“ನಿಮ್ಮ ಹೆಸರಿಗಿಂತ ನನ್ನ ಕೈ ದೊಡ್ಡದಲ್ರಿ.”

“ನನ್ನ ಹೆಸರನ್ನ ಪೊಲೀಸ್ರು ಎಲ್ಲಿಂದಲೂ ನಕಲು ಮಾಡಲಿಲ್ಲ,” ಎಂದರು ಅವರು, ಪೆನ್ನಿನ ಮುಚ್ಚಳ ಹಾಕುತ್ತ. “ನಾನ ಹೋಗಿ ಬರೆಸಿದೆ.”

ರೇವತಿ ಮುಂದಕ್ಕೆ ಬಾಗಿದಳು.

“ಅವರು ಕರಪತ್ರ ಇಟ್ಕೊಂಡು ಬರೀತಿದ್ರು. ಯಾರನ್ನೂ ಏನೂ ಕೇಳಲಿಲ್ಲ. ನಾನು ಹೋಗಿ, ಸ್ವಾಮಿ, ನಾನು ನೋಡೀನಿ, ನಂದು ಬರಕೊಳ್ರಿ ಅಂದೆ. ನಾಲ್ಕು ಪುಟ ಬರೆದು ಕೊಟ್ಟೆ. ನನ್ನ ಕೈಯಾರೆ. ಅದಕ್ಕ ಪಟ್ಟಿ ಕೊನಿಗೆ ನನ್ನ ಹೆಸರು ಸೇರಿಸಿದ್ರು. ಈಗ ಹೆಸರು ಉಳದೈತಿ, ಪುಟ ಇಲ್ಲ.”

“ಏನು ಬರೆದಿದ್ರಿ?”

“ಬೆಳಕು ಹರಿದಿತ್ತು. ಸ್ಕೂಲಿನ ಮುಂದ ಜೀಪು ನಿಂತಿತ್ತು. ಶಿವರಾಮ ಮುಖದ ಬಣ್ಣಾನೂ ತೊಳಕೊಂಡಿರಲಿಲ್ಲ. ಗಡಿ ಕಲ್ಲು ಸರಿಸ್ಯಾರ ಅಂತ ಆತ ಸರ್ವೆ ಪುಸ್ತಕದಾಗ ಬರೆದಿದ್ದ, ಅದನ್ನ ತಿದ್ದು ಅಂತ ಜಗಳ. ತಿದ್ದಂಗಿಲ್ಲ ಅಂದ. ಇಬ್ಬರು ಹಿಡಿದು ಹತ್ತಿಸಿದ್ರು. ಸ್ಟೀರಿಂಗ್ ಮುಂದ ಕೂತಿದ್ದೋನು ಕಿಟಕ್ಯಾಗ ನನ್ನ ನೋಡಿದ. ನಾನೂ ಆತನ್ನ ನೋಡಿದೆ.”

“ಯಾರು ಮೇಡಂ?”

ಟೀಚರು ಅವಳನ್ನೇ ದಿಟ್ಟಿಸಿದರು. “ನನ್ನ ಹೆಸರು ಆ ಫೈಲಿನಿಂದ ಹೊರಗ ಬರಬೇಕು, ನಾನು ಅಲ್ಲಿ ಇರಲೇ ಇಲ್ಲ ಅಂತ ಆಗಬೇಕು ಅಂತ ನಿಮ್ಮನ್ನ ಕರೆಸಿದೋರು ಯಾರವ್ವ?”

ರಾಮಾಂಜಿನೇಯ. ಆಗ ಜೀಪು ಇಟ್ಟಿದ್ದ ಕಂಟ್ರಾಕ್ಟರು. ನಾನು ಅಚ್ಚು ಹಾಕುತ್ತೇನೆ ಎಂದು ಕುಣಿದಿದ್ದ ಸುಳ್ಳು ಕರಪತ್ರ ಯಾರಿಗೆ ಬೇಕಾಗಿತ್ತು ಎಂದು ಈಗ ತಿಳಿಯಿತು. ಟೀಚರ ಹೆಸರೂ ನಕಲು ಎಂದು ಸಾಬೀತಾದರೆ, ಒಬ್ಬ ಸಾಕ್ಷಿ ಇದ್ದಳು ಎನ್ನುವುದಕ್ಕೆ ಉಳಿದಿದ್ದ ಕೊನೆಯ ಗುರುತೂ ಹೋಗುತ್ತಿತ್ತು.

“ಸಾವಿರದ ನೂರು ಪುಟದಾಗ ಅವರ ಹೆಸರು ಒಂದು ಸಲಾನೂ ಇಲ್ಲ ಮೇಡಂ,” ರೇವತಿ ಮೆಲ್ಲಗೆ ಹೇಳಿದಳು.

“ಇತ್ತು. ಆ ನಾಲ್ಕು ಪುಟದಾಗ ಇತ್ತು.”

“ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ?” ನನ್ನ ದನಿ ಏರಿತ್ತು. ಸಿಟ್ಟು ಅವರ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ.

ಅವರು ತಪ್ಪಿಸಿಕೊಳ್ಳಲಿಲ್ಲ. “ಮೊದಲು ಅಂಜಿಕಿ. ಒಂದೇ ತಿಂಗಳಿಗೆ ವರ್ಗ ಮಾಡಿದ್ರು. ಎರಡು ಸಲ ಆಫೀಸಿಗೆ ಹೋಗಿ ಕೇಳಿದೆ, ಹಂತಾ ಕಾಗದ ಬಂದೇ ಇಲ್ಲ ಅಂದ್ರು. ಐದು ವರ್ಷದ ಮ್ಯಾಲೆ ಆತನ ನನ್ನ ಹತ್ರ ಬಂದ. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಮಾಡಬೇಕು ಅಂತೀರಂತಲ್ಲ ಟೀಚರ್, ಜಾಗ ನಾನು ಬಿಡ್ತೀನಿ ಅಂದ. ಆ ವರ್ಷ ಹದಿನಾಲ್ಕು ಹುಡುಗ್ಯಾರು ನನ್ನ ಮನಿ ಪಡಸಾಲ್ಯಾಗ ಮಲಗ್ತಿದ್ರು. ಆತ ಯಾಕ ಕೊಡ್ತಾನ ಅಂತ ನನಗ ಗೊತ್ತಿತ್ತು. ನಾನು ಯಾಕ ತಗೋತೀನಿ ಅಂತ ಆತಗೂ ಗೊತ್ತಿತ್ತು. ತಗೊಂಡೆ. ಬಾಯಿ ಮುಚ್ಚಿಕೊಂಡೆ.”

ಆ ಜಾಗದಲ್ಲಿ ನನ್ನ ಮಗಳು ಐದು ವರ್ಷ ಓದಿದ್ದಳು. ನನಗೆ ಆ ಹೆಂಗಸಿನ ಮೇಲೆ ಬೇಸರವೂ ಆಯಿತು, ಪ್ರೀತಿಯೂ ಉಕ್ಕಿತು.

ರೇವತಿ ಕರಪತ್ರದ ಫೋಟೊವನ್ನು ತನ್ನ ಕಡೆ ಎಳೆದುಕೊಂಡಳು. “ಇದು ನಿಮ್ಮನ್ನ ಬಿಡಿಸಂಗಿಲ್ಲ ಮೇಡಂ. ಆದ್ರ ನೀವು ಅಲ್ಲಿದ್ರಿ ಅನ್ನಾಕ ಇದಕ್ಕಿಂತ ದೊಡ್ಡ ಪುರಾವೆ ಇಲ್ಲ. ಇಪ್ಪತ್ತೇಳರಾಗ ನಕಲು ಅಲ್ಲದ್ದು ನಿಮ್ಮ ಹೆಸರು ಒಂದೇ. ನಾಳಿ ಏನು ಮಾಡಾನ?”

“ನಾಳಿ ಕಮಿಟಿ ನನ್ನ ಹೆಸರು ಉಳಿಸ್ತದ. ನನ್ನ ಬಾಯಿ ಮುಚ್ಚೇ ಇರಲಿ ಅಂತ ಆತ ಉಳಿಸೇ ಉಳಿಸ್ತಾನ. ಹೂವಿನ ಹಾರಕ್ಕೂ ಹೇಳಿರಬೇಕು.”

“ಮತ್ತ ನೀವು?”

ಟೀಚರು ತಿದ್ದಿದ ಪುಸ್ತಕಗಳನ್ನು ಜೋಡಿಸಿ ಪಕ್ಕಕ್ಕೆ ಸರಿಸಿದರು.

“ಆತನ ಪಕ್ಕದಾಗ ಕೂತು, ನನ್ನ ಹೆಸರು ಅಳಸ್ರಿ ಅಂತ ನಾನ ಕೇಳ್ತೀನಿ,” ಎಂದರು. “ಯಾಕ ಟೀಚರ್ ಅಂತ ಎಲ್ಲಾರೂ ಕೇಳೇ ಕೇಳ್ತಾರಲ್ಲ, ಆಗ ಹೇಳ್ತೀನಿ.”